ಹೈಸ್ಕೂಲ್ ಬ್ಯಾಸ್ಕೆಟ್‌ಬಾಲ್ ಹುಡುಗನನ್ನು ಜಿಮ್‌ಗೇ ಹೋಗಿ ನೋಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಇಂಡಿಯಾನಾ ರಾಜ್ಯದ ಇಂಡಿಯಾನಾಪೊಲಿಸ್ ಸುತ್ತಮುತ್ತಲಿನ ಕನ್ನಡದ ಮನೆಗಳಲ್ಲಿ ಡಿಸೆಂಬರ್ ಬಂತೆಂದರೆ ಒಂದು ಸುದ್ದಿ ಓಡಾಡುತ್ತದೆ. ಮಗಳ ಶಾಲೆಯಲ್ಲೋ ಪಕ್ಕದ ಊರಿನ ಶಾಲೆಯಲ್ಲೋ ಒಬ್ಬ ಹುಡುಗ ಇದ್ದಾನಂತೆ, ಆರಡಿ ಏಳಿಂಚಂತೆ, ದೊಡ್ಡ ದೊಡ್ಡ ಕಾಲೇಜುಗಳು ಅವನ ಹಿಂದೆ ಬಿದ್ದಿವೆಯಂತೆ, ಅಂಥವನಿಗೆ 'ರಿಕ್ರೂಟ್' ಅನ್ನುತ್ತಾರಂತೆ. ಒಂದು ಸಲ ನೋಡಿಬರೋಣ ಅನ್ನಿಸುತ್ತದೆ, ಆದರೆ ಹೇಗೆ ಹೋಗುವುದು, ಹೋಗಿ ಏನು ನೋಡುವುದು ಅನ್ನುವುದು ತಿಳಿಯುವುದಿಲ್ಲ. ಹಲವು ಚಳಿಗಾಲಗಳ ಶುಕ್ರವಾರದ ರಾತ್ರಿಗಳನ್ನು ನಾನು ಈ ಜಿಮ್‌ಗಳಲ್ಲಿ ಕಳೆದಿದ್ದೇನೆ. ಗೆಳೆಯರು ಫೋನ್ ಮಾಡಿ ಕೇಳುವ ಪ್ರಶ್ನೆಗಳನ್ನೂ ನಾನು ಕೊಡುವ ಉತ್ತರಗಳನ್ನೂ ಇಲ್ಲಿ ಬರೆದಿದ್ದೇನೆ.

ಮೊದಲಿಗೆ, ರಿಕ್ರೂಟ್ ಅಂದರೆ ಯಾರು?

ಕಾಲೇಜಿನ ತಂಡಕ್ಕೆ ಸೇರಿಸಿಕೊಳ್ಳಲು ಕೋಚ್‌ಗಳು ಕಣ್ಣಿಟ್ಟಿರುವ ಹೈಸ್ಕೂಲ್ ಆಟಗಾರ. ಅಮೆರಿಕದಲ್ಲಿ ಹೈಸ್ಕೂಲ್ ಅಂದರೆ 9ರಿಂದ 12ನೇ ತರಗತಿ, ಅಂದರೆ ನಮ್ಮ ಪಿಯುಸಿಯೂ ಅದರೊಳಗೇ ಬಂತು. ಶಾಲೆಯ ಮುಖ್ಯ ತಂಡಕ್ಕೆ ವಾರ್ಸಿಟಿ ಅನ್ನುತ್ತಾರೆ. 'ಅವನು 2027ರ ಕ್ಲಾಸ್' ಎಂದು ಯಾರಾದರೂ ಹೇಳಿದರೆ ಆ ವರ್ಷ ಅವನು ಹೈಸ್ಕೂಲ್ ಮುಗಿಸುತ್ತಾನೆ ಎಂದರ್ಥ. ಕಾಲೇಜು 'ಆಫರ್ ಕೊಟ್ಟಿದೆ' ಅಂದರೆ ಸ್ಕಾಲರ್‌ಶಿಪ್ ಕೊಡುವುದಾಗಿ ಬಾಯಿಮಾತಿನಲ್ಲಿ ಹೇಳಿದೆ ಅಷ್ಟೆ. ಹುಡುಗ 'ಕಮಿಟ್ ಆದ' ಅಂದರೂ ಅದು ಮಾತು ಕೊಟ್ಟಂತೆ. ಕಾಗದಕ್ಕೆ ಸಹಿ ಬೀಳುವವರೆಗೆ ಎರಡೂ ಕಡೆಯವರು ಹಿಂದೆ ಸರಿಯಬಹುದು, ಸರಿಯುತ್ತಾರೆ ಕೂಡ.

ಅವನ ವಿಡಿಯೊಗಳು ಮೊಬೈಲ್‌ನಲ್ಲೇ ಸಿಗುತ್ತವಲ್ಲ. ಹಿಮದಲ್ಲಿ ಕಾರು ಓಡಿಸಿಕೊಂಡು ಅಲ್ಲಿಯವರೆಗೆ ಯಾಕೆ ಹೋಗಬೇಕು?

ಆ ವಿಡಿಯೊಗಳಲ್ಲಿ ಅವನು ಎಸೆದ ಚೆಂಡೆಲ್ಲ ಬುಟ್ಟಿಗೇ ಬೀಳುತ್ತದೆ. ಬೀಳದ್ದನ್ನು ಕತ್ತರಿಸಿ ತೆಗೆದಿರುತ್ತಾರೆ.

ಒಂದು ಸಣ್ಣ ಲೆಕ್ಕ ಹಾಕಿ. ಹೈಸ್ಕೂಲ್ ಆಟ 32 ನಿಮಿಷದ್ದು. ಅಂಗಳದಲ್ಲಿ ಹತ್ತು ಜನ, ಚೆಂಡು ಒಂದೇ. ಸಮನಾಗಿ ಹಂಚಿದರೆ ಒಬ್ಬನ ಪಾಲಿಗೆ ಮೂರು ನಿಮಿಷ ಚಿಲ್ಲರೆ. ತಂಡದ ದೊಡ್ಡ ಆಟಗಾರನಿಗೆ ಅದರ ಎರಡರಷ್ಟು ಸಿಕ್ಕಿತೆಂದೇ ಇಟ್ಟುಕೊಳ್ಳಿ, ಉಳಿದ ಇಪ್ಪತ್ತೈದು ನಿಮಿಷ ಅವನು ಚೆಂಡಿಲ್ಲದೆ ಇರುತ್ತಾನೆ. ಆಗ ಅವನು ಏನು ಮಾಡುತ್ತಾನೆ? ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತಾನಾ, ಜೊತೆಯವನಿಗೆ ದಾರಿ ಮಾಡಿಕೊಡುತ್ತಾನಾ, ಎದುರಾಳಿ ಬರುವ ಜಾಗಕ್ಕೆ ಅರ್ಧ ಸೆಕೆಂಡ್ ಮೊದಲೇ ಹೋಗಿ ನಿಲ್ಲುತ್ತಾನಾ? ಕ್ಯಾಮೆರಾ ಚೆಂಡಿನ ಹಿಂದೆ ಹೋಗುವುದರಿಂದ ಇದು ಯಾವ ವಿಡಿಯೊದಲ್ಲೂ ಕಾಣುವುದಿಲ್ಲ. ಜಿಮ್‌ನಲ್ಲಿ ಕೂತರೆ ನಿಮ್ಮ ಕಣ್ಣು ನಿಮ್ಮ ಕೈಯಲ್ಲಿರುತ್ತದೆ. ನಾನು ಹೋಗುವುದು ಇದೊಂದೇ ಕಾರಣಕ್ಕೆ, ನೀವೂ ಹೋಗಿ ಎಂದು ಒತ್ತಾಯ ಮಾಡುವುದೂ ಇದಕ್ಕೇ.

ಟಿಕೆಟ್ ಎಲ್ಲಿ ಸಿಗುತ್ತದೆ? ಎಷ್ಟಾಗುತ್ತದೆ?

ಸಾಮಾನ್ಯ ಲೀಗ್ ಆಟಕ್ಕೆ ಹತ್ತು ಡಾಲರ್ ಒಳಗೇ ಆಗುತ್ತದೆ. ಈಗ ಬಹಳಷ್ಟು ಶಾಲೆಗಳು ಆನ್‌ಲೈನ್‌ನಲ್ಲೇ ಮಾರುತ್ತವೆ, ಕೆಲವು ಕಡೆ ಬಾಗಿಲಲ್ಲಿ ನಗದು ತೆಗೆದುಕೊಳ್ಳುವುದೇ ಇಲ್ಲ. ಹೊರಡುವ ಮುಂಚೆ ಶಾಲೆಯ ಅಥ್ಲೆಟಿಕ್ಸ್ ವಿಭಾಗದ ಪುಟ ನೋಡಿಕೊಳ್ಳಿ. ಎರಡು ಬಲವಾದ ತಂಡಗಳ ಆಟವಾದರೆ ಟಿಕೆಟ್ ಮೊದಲೇ ಮುಗಿದುಹೋಗುತ್ತದೆ. ಬ್ಯಾಗ್ ಒಳಗೆ ಬಿಡದ ಶಾಲೆಗಳೂ ಇವೆ, ಮಗುವಿನ ಡೈಪರ್ ಬ್ಯಾಗ್ ಹಿಡಿದುಕೊಂಡು ಹೋಗುವವರು ಮೊದಲೇ ಕೇಳಿಕೊಂಡರೆ ಒಳ್ಳೆಯದು.

ಇನ್ನೊಂದು ಮಾತು. ಅವನ ಶಾಲೆಯ ಜಿಮ್‌ನಲ್ಲಿ ಜಾಗ ಸಿಗದಿದ್ದರೆ ಅವನು ಬೇರೆ ಊರಿಗೆ ಆಡಲು ಹೋಗುವ ದಿನ ಹಿಡಿಯಿರಿ. ನನಗಂತೂ ಅದೇ ಹೆಚ್ಚು ಇಷ್ಟ. ಎದುರು ಶಾಲೆಯ ವಿದ್ಯಾರ್ಥಿಗಳು ಇಡೀ ರಾತ್ರಿ ಅವನ ಹೆಸರು ಹಿಡಿದು ಕೂಗುತ್ತಾರೆ. ಹದಿನೇಳರ ಹುಡುಗ ಅದನ್ನು ಹೇಗೆ ಹೊರುತ್ತಾನೆ ಅನ್ನುವುದೂ ನೋಡಬೇಕಾದ ಸಂಗತಿಯೇ.

ಎಷ್ಟು ಹೊತ್ತಿಗೆ ಹೋಗಬೇಕು? ಎಲ್ಲಿ ಕೂರಬೇಕು?

ವಾರ್ಸಿಟಿ ಆಟ ಸಾಮಾನ್ಯವಾಗಿ ಸಂಜೆ 7 ಅಥವಾ 7:30ಕ್ಕೆ. ಅದಕ್ಕೂ ಮೊದಲು ಕಿರಿಯರ ತಂಡದ ಆಟ ಇರುತ್ತದೆ. ಆ ಆಟದ ಕೊನೆಯ ಭಾಗಕ್ಕೆ ಹೋಗಿ ಸೇರಿಕೊಳ್ಳಿ. ಜಾಗವೂ ಸಿಗುತ್ತದೆ, ವಾರ್ಮಪ್ ಕೂಡ ಪೂರ್ತಿ ನೋಡಲು ಸಿಗುತ್ತದೆ.

ವಾರ್ಮಪ್ ಅನ್ನು ಪಾಪ್‌ಕಾರ್ನ್ ತರುವ ಹೊತ್ತೆಂದುಕೊಳ್ಳಬೇಡಿ. ಎಡಗೈಯಲ್ಲಿ ಲೇಅಪ್ (ಓಡಿಬಂದು ಬುಟ್ಟಿಯ ಹತ್ತಿರದಿಂದ ಎಸೆಯುವುದು) ಹಾಕುವ ಸರದಿ ಬಂದಾಗ ಅವನು ನಿಜವಾಗಿ ಎಡಗೈ ಬಳಸುತ್ತಾನಾ, ಉದಾಸೀನದಿಂದ ಬಲಗೈಗೆ ಬದಲಾಯಿಸುತ್ತಾನಾ ನೋಡಿ. ದೂರದಿಂದ ಎಸೆಯುವಾಗ ಪ್ರತಿ ಸಲವೂ ಕಾಲು ಒಂದೇ ರೀತಿ ಊರುತ್ತದಾ, ಮೊಣಕೈ ಒಂದೇ ಜಾಗದಲ್ಲಿ ಇರುತ್ತದಾ ಗಮನಿಸಿ. ಒಂದು ರಾತ್ರಿ ನಾನು ನೋಡಿದ ಹುಡುಗ ವಾರ್ಮಪ್‌ನ ಕೊನೆಯ ಎರಡು ನಿಮಿಷ ತಾನು ಎಸೆಯುವುದನ್ನು ಬಿಟ್ಟು, ಬೆಂಚಿನ ಕೊನೆಯಲ್ಲಿ ಕೂರುವ 9ನೇ ತರಗತಿಯ ಪುಟ್ಟ ಹುಡುಗನೊಬ್ಬನಿಗೆ ಚೆಂಡು ಎತ್ತಿ ಎತ್ತಿ ಕೊಡುತ್ತಿದ್ದ. ಆ ಪುಟ್ಟವನು ಅವತ್ತು ಅಂಗಳಕ್ಕೆ ಇಳಿಯಲೇ ಇಲ್ಲ. ಅವನ ಷೂ ಲೇಸ್ ಬಿಚ್ಚಿಕೊಂಡಿದ್ದನ್ನು ದೊಡ್ಡವನು ಬೆರಳು ತೋರಿಸಿ ಹೇಳಿದ್ದು, ಅವನು ನಾಚಿಕೊಂಡು ಬಗ್ಗಿ ಕಟ್ಟಿಕೊಂಡದ್ದು, ಅಷ್ಟು ಹೊತ್ತೂ ದೊಡ್ಡವನು ಚೆಂಡು ಹಿಡಿದು ಕಾದದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಜಾಗದ ವಿಷಯಕ್ಕೆ ಬಂದರೆ, ಅವನ ತಂಡದ ಬೆಂಚಿಗೆ ಎದುರು ಬದಿಯಲ್ಲಿ, ಮೆಟ್ಟಿಲುಗಳ ನಡುಮಟ್ಟದಲ್ಲಿ ಕೂರಿ. ಬೆಂಚಿನ ಹಿಂದೆ ಕೂತರೆ ಬೆನ್ನು ಮಾತ್ರ ಕಾಣುತ್ತದೆ, ಎದುರಿಗೆ ಕೂತರೆ ಮುಖ ಕಾಣುತ್ತದೆ. ತೀರಾ ಕೆಳಗೆ ಕೂತರೆ ಆಟದ ಹರವು ತಿಳಿಯುವುದಿಲ್ಲ. ವಿದ್ಯಾರ್ಥಿಗಳು ಕೂರುವ ಮೂಲೆಗೆ ಹೋಗಬೇಡಿ, ಅವರು ಇಡೀ ಆಟ ನಿಂತೇ ಇರುತ್ತಾರೆ.

ನಾವು ಎನ್‌ಬಿಎ, ಅಂದರೆ ಅಮೆರಿಕದ ವೃತ್ತಿಪರ ಲೀಗ್, ನೋಡಿ ಅಭ್ಯಾಸವಾದವರು. ಇಲ್ಲಿನ ನಿಯಮ ಬೇರೆಯಾ?

ಕೆಲವು ಬೇರೆ. ಎಂಟು ನಿಮಿಷದ ನಾಲ್ಕು ಕ್ವಾರ್ಟರ್. ಐದು ಫೌಲ್ ಆದರೆ ಆಟಗಾರ ಹೊರಕ್ಕೆ, ಎನ್‌ಬಿಎಯಲ್ಲಿ ಆರು. ಮೂರು ಪಾಯಿಂಟ್ ಗೆರೆ 19 ಅಡಿ 9 ಇಂಚಿನಲ್ಲಿದೆ. ಕಾಲೇಜಿನ ಗಂಡುಮಕ್ಕಳ ಆಟದಲ್ಲಿ ಅದು 22 ಅಡಿ ಒಂದೂಮುಕ್ಕಾಲು ಇಂಚು, ಎನ್‌ಬಿಎಯಲ್ಲಿ ಮೇಲ್ಭಾಗದಲ್ಲಿ 23 ಅಡಿ 9 ಇಂಚು. ಆದ್ದರಿಂದ ಹುಡುಗ ಮೂರು ಪಾಯಿಂಟ್ ಹೊಡೆದಾಗ ಅವನ ಕಾಲು ಗೆರೆಗೆ ತಾಗಿಕೊಂಡಿತ್ತಾ, ಇನ್ನೂ ಎರಡು ಹೆಜ್ಜೆ ಹಿಂದಿತ್ತಾ ಎಂದು ನೋಡಬೇಕು. ಕೋಚ್‌ಗಳು ನೋಡುವುದು ಅದನ್ನೇ. ಫ್ರೀ ಥ್ರೋ (ಫೌಲ್ ಆದಾಗ ಯಾರೂ ಅಡ್ಡ ಬಾರದಂತೆ ಗೆರೆಯ ಮೇಲೆ ನಿಂತು ಎಸೆಯುವುದು) ನಿಯಮವೂ 2023-24ರಿಂದ ಬದಲಾಗಿದೆ: ಒಂದು ಕ್ವಾರ್ಟರ್‌ನಲ್ಲಿ ತಂಡದ ಐದನೇ ಫೌಲ್‌ನಿಂದ ಎದುರಾಳಿಗೆ ಎರಡು ಎಸೆತ. ಹಳೆಯ 'ಒಂದು ಬಿದ್ದರೆ ಇನ್ನೊಂದು' ಪದ್ಧತಿ ಹೋಯಿತು.

ಹೊಸಬರಿಗೆ ಹೆಚ್ಚು ಗೊಂದಲವಾಗುವುದು ಶಾಟ್ ಕ್ಲಾಕ್ ವಿಷಯದಲ್ಲಿ, ಅಂದರೆ ಚೆಂಡು ಸಿಕ್ಕ ತಂಡ ಇಷ್ಟು ಸೆಕೆಂಡ್ ಒಳಗೆ ಬುಟ್ಟಿಗೆ ಎಸೆಯಲೇಬೇಕು ಎಂದು ಹೇಳುವ ಗಡಿಯಾರ. 35 ಸೆಕೆಂಡ್ ಗಡಿಯಾರ ಇಟ್ಟುಕೊಳ್ಳುವುದನ್ನು 2022-23ರಿಂದ ಆಯಾ ರಾಜ್ಯಕ್ಕೆ ಬಿಟ್ಟಿದ್ದಾರೆ. ನಾನು ಇಂಡಿಯಾನಾದಲ್ಲಿ ನೋಡಿದ ಆಟಗಳಲ್ಲಿ ಅದು ಇರಲಿಲ್ಲ. ಹಾಗಾಗಿ ಬಲಹೀನ ತಂಡವೊಂದು ಚೆಂಡನ್ನು ಸುಮ್ಮನೆ ಕೈಯಿಂದ ಕೈಗೆ ದಾಟಿಸುತ್ತಾ ನಿಮಿಷಗಟ್ಟಲೆ ಹೊತ್ತು ಕಳೆಯಬಹುದು. ನೋಡುವವರಿಗೆ ಬೇಸರವಾದೀತು, ಆದರೆ ಈ ರಾಜ್ಯದ ಅತಿ ದೊಡ್ಡ ಗೆಲುವು ಬಂದದ್ದೇ ಆ ಉಪಾಯದಿಂದ. ಅದನ್ನು ಮುಂದೆ ಹೇಳುತ್ತೇನೆ.

ಸರಿ, ಆಟ ಶುರುವಾಯಿತು. ಏನು ನೋಡಬೇಕು?

ಮೊದಲ ಕ್ವಾರ್ಟರ್ ಪೂರ್ತಿ ಚೆಂಡನ್ನು ಮರೆತುಬಿಡಿ. ಕಷ್ಟ, ಕಣ್ಣು ತಾನಾಗಿ ಚೆಂಡಿನ ಹಿಂದೆ ಹೋಗುತ್ತದೆ. ಎಳೆದು ತಂದು ಅವನ ಮೇಲೆ ಇಡಿ.

ಅವನು ಎಸೆದದ್ದು ತಪ್ಪಿತೆನ್ನಿ. ಮುಂದಿನ ಮೂರು ಸೆಕೆಂಡ್ ನೋಡಿ. ತಿರುಗಿ ಓಡುತ್ತಾನಾ, ರೆಫರಿಯ ಕಡೆ ಕೈ ಚಾಚಿಕೊಂಡು ನಿಲ್ಲುತ್ತಾನಾ? ಒಮ್ಮೆ ನಿಂತರೆ ಅದು ಮನುಷ್ಯಸಹಜ. ನಾಲ್ಕು ಸಲ ನಿಂತರೆ ಅದು ಅಭ್ಯಾಸ.

ಪಾದ ನೋಡಿ. ಡಿಫೆನ್ಸ್‌ನಲ್ಲಿ ಮಂಡಿ ಬಾಗಿಸಿ, ಪಕ್ಕಕ್ಕೆ ಸರಿಯುತ್ತಾ, ಎದುರಾಳಿಯ ಎದೆಗೆ ಎದೆ ಕೊಟ್ಟು ತಡೆಯುವ ಹುಡುಗನಿಗೂ, ನೆಟ್ಟಗೆ ನಿಂತು ಕೈ ಚಾಚಿ ಚೆಂಡು ಕಸಿಯಲು ನೋಡುವ ಹುಡುಗನಿಗೂ ಬಹಳ ವ್ಯತ್ಯಾಸ. ಹೈಸ್ಕೂಲ್‌ನಲ್ಲಿ ಎತ್ತರದವನಿಗೆ ಎರಡನೆಯದೂ ನಡೆದುಹೋಗುತ್ತದೆ. ಕಾಲೇಜಿನಲ್ಲಿ ನಡೆಯುವುದಿಲ್ಲ.

ಬಾಯಿ ನೋಡಿ. ಒಳ್ಳೆಯ ಆಟಗಾರರು ಮಾತಾಡುತ್ತಲೇ ಇರುತ್ತಾರೆ: ಹಿಂದಿನಿಂದ ಬಂದ, ಎಡಕ್ಕೆ ಹೋಗು, ನಾನಿದ್ದೇನೆ. ಜಿಮ್ ಸ್ವಲ್ಪ ಸುಮ್ಮನಾದಾಗ ಅವನ ದನಿ ನಿಮಗೆ ಮೇಲಿನವರೆಗೂ ಕೇಳಿಸಬೇಕು.

ಇಬ್ಬರು ಮುತ್ತಿಕೊಂಡಾಗ ಏನು ಮಾಡುತ್ತಾನೆ ನೋಡಿ. ಹೆಸರಾದ ಹುಡುಗನ ಮೇಲೆ ಎದುರು ತಂಡ ಇಬ್ಬರನ್ನು ಬಿಡುವುದು ಇಲ್ಲಿ ಮಾಮೂಲು. ಕೆಲವರು ನಾಲ್ವರನ್ನು ಜಾಗ ಕಾಯಲು ಬಿಟ್ಟು ಐದನೆಯವನನ್ನು ಇಡೀ ರಾತ್ರಿ ಅವನಿಗೇ ಅಂಟಿಸುತ್ತಾರೆ. ಇಬ್ಬರು ಬಂದರೆಂದರೆ ಇನ್ನೆಲ್ಲೋ ಒಬ್ಬ ಒಂಟಿಯಾಗಿ ನಿಂತಿದ್ದಾನೆ ಎಂದೇ ಲೆಕ್ಕ. ಅವನನ್ನು ಇವನು ಎಷ್ಟು ಬೇಗ ಕಾಣುತ್ತಾನೆ, ಚೆಂಡು ಅವನ ಎದೆಮಟ್ಟಕ್ಕೆ ಹೋಗಿ ಸೇರುತ್ತದಾ, ಮೊಣಕಾಲಿಗೆ ಹೋಗುತ್ತದಾ? ನನ್ನ ಮಟ್ಟಿಗೆ ಹುಡುಗನ ಆಟದ ಬುದ್ಧಿ ಬೇರೆಲ್ಲದಕ್ಕಿಂತ ಹೆಚ್ಚಾಗಿ ಇಲ್ಲಿ ತಿಳಿಯುತ್ತದೆ.

ಇನ್ನು ನಾಲ್ಕನೇ ಕ್ವಾರ್ಟರ್‌ನ ಫ್ರೀ ಥ್ರೋ. ಕಾಲು ಸೋತಿರುತ್ತದೆ, ಉಸಿರು ಏರಿರುತ್ತದೆ, ಎದುರಿಗೆ ಕಾಗದದ ಹಲಗೆ ಅಲ್ಲಾಡಿಸುತ್ತಾ ನೂರಾರು ಹುಡುಗರು ಕಿರುಚುತ್ತಿರುತ್ತಾರೆ. ಮೊದಲ ಕ್ವಾರ್ಟರ್‌ನಲ್ಲಿ ಗೆರೆಯ ಮೇಲೆ ಎಷ್ಟು ಸಲ ಚೆಂಡು ನೆಲಕ್ಕೆ ಬಡಿದನೋ ಈಗಲೂ ಅಷ್ಟೇ ಸಲ ಬಡಿಯುತ್ತಾನಾ ಎಣಿಸಿ.

ಬೆಂಚಿಗೆ ಕರೆಸಿಕೊಂಡಾಗ ಟವೆಲ್ ತಲೆ ಮೇಲೆ ಎಳೆದುಕೊಂಡು ಕೂರುವವರಿದ್ದಾರೆ, ಜೊತೆಯವನು ಪಾಯಿಂಟ್ ಹೊಡೆದಾಗ ಎಲ್ಲರಿಗಿಂತ ಮೊದಲು ಎದ್ದು ನಿಲ್ಲುವವರಿದ್ದಾರೆ. ಎದುರು ಬದಿ ಕೂರಿ ಎಂದದ್ದು ಇದಕ್ಕೇ.

ನಾವು ಹೋದ ದಿನ ಅವನು ಬರೀ ಎಂಟು ಪಾಯಿಂಟ್ ಹೊಡೆದ. ಹೋಗಿದ್ದು ದಂಡವಾಯಿತಾ?

ಇಲ್ಲ. ಬಹುಶಃ ನೀವು ನೋಡಬೇಕಾದ ಆಟವೇ ಅದು. ಕೈ ಓಡುವ ದಿನ ಎಲ್ಲರೂ ಚೆನ್ನಾಗಿಯೇ ಕಾಣುತ್ತಾರೆ. ಕೈ ಓಡದ ದಿನ ರಿಬೌಂಡ್‌ಗೆ (ಬುಟ್ಟಿಗೆ ಬೀಳದೆ ಪುಟಿದ ಚೆಂಡು ಹಿಡಿಯಲು) ಹೋದನಾ, ಪಾಸ್ ಕೊಟ್ಟನಾ, ಮುಖ ಗಂಟಿಕ್ಕಿಕೊಂಡನಾ? ಎದುರಾಳಿ ಯಾರು ಅನ್ನುವುದನ್ನೂ ಲೆಕ್ಕಕ್ಕೆ ತನ್ನಿ. ಐದಡಿ ಒಂಬತ್ತಿಂಚಿನ ಹುಡುಗನ ತಲೆಯ ಮೇಲಿಂದ 35 ಪಾಯಿಂಟ್ ಹೊಡೆಯುವುದಕ್ಕಿಂತ, ತನ್ನಷ್ಟೇ ಎತ್ತರದ, ತನ್ನಷ್ಟೇ ಹೆಸರಾದವನ ಎದುರು 14 ಹೊಡೆಯುವುದು ಹೆಚ್ಚಿನ ಮಾತು. ಆದಷ್ಟೂ ಎರಡು ಸಲ ಹೋಗಿ, ಒಂದು ಬಲವಾದ ತಂಡದ ವಿರುದ್ಧ, ಇನ್ನೊಂದು ಸಾಧಾರಣ ತಂಡದ ವಿರುದ್ಧ.

ಅವನಿಗೆ ನಾಲ್ಕು ಸ್ಟಾರ್, ಐದು ಸ್ಟಾರ್ ಅಂತ ಕೊಟ್ಟಿರುತ್ತಾರಲ್ಲ, ಅದನ್ನು ನಂಬಬಹುದಾ?

ಕೊಡುವವರು ಬಹಳ ಆಟ ನೋಡಿದವರು, ಅವರ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. 'ಬೆಳೆಯುವ ಸಿರಿ ಮೊಳಕೆಯಲ್ಲಿ ನೋಡು' ಅನ್ನುತ್ತೇವೆ. ಆದರೆ ಹದಿನಾರು-ಹದಿನೇಳರ ಮೊಳಕೆ ಯಾವ ಕಡೆ ಎಷ್ಟು ಬೆಳೆಯುತ್ತದೆ ಎಂದು ಅವರಿಗೂ ಪೂರ್ತಿ ಕಾಣುವುದಿಲ್ಲ.

ಮುಂದೆ ಎನ್‌ಬಿಎಯಲ್ಲಿ ಆಡಿದ ಗಾರ್ಡನ್ ಹೇವರ್ಡ್ ಇದೇ ಸೀಮೆಯ ಬ್ರೌನ್ಸ್‌ಬರ್ಗ್ ಹೈಸ್ಕೂಲ್‌ನವರು. ಹೈಸ್ಕೂಲ್‌ಗೆ ಸೇರಿದಾಗ ಆರಡಿಯೂ ಇರಲಿಲ್ಲ, ಬ್ಯಾಸ್ಕೆಟ್‌ಬಾಲ್ ಬಿಟ್ಟು ಟೆನಿಸ್ ಕಡೆ ಹೋಗುವ ಯೋಚನೆಯೂ ಇತ್ತು. ಆಮೇಲೆ ಸರಸರನೆ ಬೆಳೆದರು. ಆದರೆ ಸಣ್ಣವರಾಗಿದ್ದಾಗ ಕಲಿತ ಚೆಂಡಿನ ಹಿಡಿತ ಕೈಯಲ್ಲೇ ಉಳಿಯಿತು. 2008ರ ರಾಜ್ಯ ಫೈನಲ್‌ನಲ್ಲಿ ಗಂಟೆ ಹೊಡೆಯುವ ಹೊತ್ತಿಗೆ ಅವರು ಹಾಕಿದ ಬುಟ್ಟಿಯಿಂದ ಬ್ರೌನ್ಸ್‌ಬರ್ಗ್ 40-39ರಲ್ಲಿ ಗೆದ್ದಿತು. ಊರಲ್ಲೇ ಇರುವ ಬಟ್ಲರ್ ವಿಶ್ವವಿದ್ಯಾಲಯ ಸೇರಿ, ಎರಡೇ ವರ್ಷದಲ್ಲಿ ಅದನ್ನು ರಾಷ್ಟ್ರೀಯ ಫೈನಲ್‌ಗೆ ಕೊಂಡೊಯ್ದರು. ಷಿಕಾಗೋದ ಆಂಥನಿ ಡೇವಿಸ್ ಕೂಡ ಹೈಸ್ಕೂಲ್‌ನಲ್ಲಿ ಗಾರ್ಡ್ (ಚೆಂಡು ನಡೆಸುವ, ಹೆಚ್ಚಾಗಿ ಗಿಡ್ಡವರ ಜಾಗ) ಆಡುತ್ತಿದ್ದವರು, ಏಕಾಏಕಿ ಬೆಳೆದು, 2012ರಲ್ಲಿ, ಎನ್‌ಬಿಎ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ, ಮೊದಲ ಆಯ್ಕೆಯಾದರು. ಮುಂದೆ ಎನ್‌ಬಿಎಯ ದೊಡ್ಡ ಆಟಗಾರರಾದ ಸ್ಟೀಫನ್ ಕರಿ ಸಣ್ಣ ಕಾಲೇಜಾದ ಡೇವಿಡ್‌ಸನ್‌ಗೆ ಹೋದದ್ದು ದೊಡ್ಡ ಕಾಲೇಜುಗಳು ಕರೆಯಲಿಲ್ಲವೆಂದೇ.

ಆದ್ದರಿಂದ ಹುಡುಗನ ಜೊತೆ ಅಪ್ಪ-ಅಮ್ಮ, ಅಣ್ಣ-ತಮ್ಮಂದಿರು ಬಂದಿದ್ದರೆ ಅವರ ಎತ್ತರವನ್ನೂ ಒಮ್ಮೆ ನೋಡಿ. ಕೋಚ್‌ಗಳೂ ನೋಡುತ್ತಾರೆ.

ಅವನೊಬ್ಬನನ್ನೇ ನೋಡುತ್ತಾ ಕೂತರೆ ಸಾಕಾ?

ಸಾಲದು. ಇದಕ್ಕೆ ಇಂಡಿಯಾನಾಪೊಲಿಸ್‌ನ ಲಾರೆನ್ಸ್ ನಾರ್ತ್ ಹೈಸ್ಕೂಲ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 2004, 2005, 2006, ಸತತ ಮೂರು ವರ್ಷ ಆ ಶಾಲೆ ರಾಜ್ಯ ಪ್ರಶಸ್ತಿ ಗೆದ್ದಿತು. ಜನ ಮುಗಿಬಿದ್ದು ನೋಡಲು ಬರುತ್ತಿದ್ದದ್ದು ಗ್ರೆಗ್ ಓಡನ್‌ರನ್ನು, ಏಳಡಿಯ ಸೆಂಟರ್, ಅಂದರೆ ಬುಟ್ಟಿಯ ಬಳಿ ಆಡುವವರು. ಚೆಂಡು ತಂದು ಅವರ ಕೈಗೆ ಕೊಡುತ್ತಿದ್ದ, ಆರಡಿ ಆಸುಪಾಸಿನ ಎಡಗೈ ಹುಡುಗ ಮೈಕ್ ಕಾನ್ಲಿ. ಅವರ ತಂದೆ 1992ರ ಒಲಿಂಪಿಕ್ಸ್‌ನಲ್ಲಿ ಟ್ರಿಪಲ್ ಜಂಪ್ ಚಿನ್ನ ಗೆದ್ದವರು. ಇಬ್ಬರೂ ಒಟ್ಟಿಗೆ ಓಹಾಯೊ ಸ್ಟೇಟ್‌ಗೆ ಹೋದರು, 2007ರ ಡ್ರಾಫ್ಟ್‌ನಲ್ಲಿ ಓಡನ್ ಮೊದಲನೆಯವರಾಗಿ, ಕಾನ್ಲಿ ನಾಲ್ಕನೆಯವರಾಗಿ ಆಯ್ಕೆಯಾದರು. ಓಡನ್‌ರ ಮಂಡಿ ಮತ್ತೆ ಮತ್ತೆ ಕೈಕೊಟ್ಟು, ಎನ್‌ಬಿಎಯಲ್ಲಿ ಅವರು ಆಡಲಾದದ್ದು ಬರೀ 105 ಆಟ. ಕಾನ್ಲಿ 2025ರ ಹೊತ್ತಿಗೆ 18 ಸೀಸನ್ ಮುಗಿಸಿದ್ದರು. ಓಡನ್‌ರ ಪಾಲಿಗೆ ಬಂದದ್ದು ನೆನೆದರೆ ಈಗಲೂ ಸಂಕಟವಾಗುತ್ತದೆ. ಆ ಹುಡುಗನ ತಪ್ಪು ಅದರಲ್ಲಿ ಏನೂ ಇರಲಿಲ್ಲ. ಅದೇ ಜಿಮ್‌ನಲ್ಲಿ ಅದೇ ರಾತ್ರಿ ಇಬ್ಬರೂ ಇದ್ದರು. ಆದ್ದರಿಂದ ಒಂದು ಕ್ವಾರ್ಟರ್ ನೀವು ನೋಡಲು ಹೋದ ಹುಡುಗನನ್ನು ಬಿಟ್ಟು ಉಳಿದ ಒಂಬತ್ತು ಜನರನ್ನು ನೋಡಿ.

ಕೆಳಗಿನ ಸಾಲಿನಲ್ಲಿ ಒಂದೇ ಬಣ್ಣದ ಪೋಲೊ ಷರ್ಟ್ ಹಾಕಿಕೊಂಡು ಕೂತವರು ಯಾರು?

ಕಾಲೇಜು ಕೋಚ್‌ಗಳು. ಎದೆಯ ಮೇಲಿನ ಗುರುತು ಎಲ್ಲರಿಗೂ ಕಾಣಲಿ ಎಂದೇ ಹಾಕಿಕೊಂಡು ಬಂದಿರುತ್ತಾರೆ. ಮುಖ್ಯ ಕೋಚ್ ಖುದ್ದಾಗಿ ಬಂದರೆಂದರೆ ಹುಡುಗನಿಗೂ ಮನೆಯವರಿಗೂ ಅದೇ ಸಂದೇಶ. ಇಂಡಿಯಾನಾ ವಿಶ್ವವಿದ್ಯಾಲಯದ ಕೋಚ್ ಬಾಬ್ ನೈಟ್ ಎಂಟನೇ ತರಗತಿಯ ಡೇಮನ್ ಬೇಲಿಯ ಆಟ ನೋಡಲು ಹೋಗಿದ್ದನ್ನು ಇಲ್ಲಿನ ಹಿರಿಯರು ಇವತ್ತಿಗೂ ಹೇಳುತ್ತಾರೆ. ಕೋಚ್‌ಗಳು ಯಾವಾಗ ಬಂದು ನೋಡಬಹುದು, ಯಾವಾಗ ಮಾತಾಡಬಹುದು, ಯಾವಾಗ ಹತ್ತಿರ ಸುಳಿಯಲೇಬಾರದು ಎಂಬುದಕ್ಕೆ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ ವರ್ಷವಿಡೀ ಅವಧಿಗಳನ್ನು ಗೊತ್ತು ಮಾಡಿದೆ.

ಈಚೆಗೆ ಹೈಸ್ಕೂಲ್ ಹುಡುಗರಿಗೆ ದಾರಿ ಸ್ವಲ್ಪ ಕಿರಿದಾಗಿದೆ. ಆಟಗಾರರು ಕಾಲೇಜಿನಿಂದ ಕಾಲೇಜಿಗೆ ಸುಲಭವಾಗಿ ಬದಲಾಯಿಸಬಹುದಾದ್ದರಿಂದ, ಹದಿನೆಂಟರವನನ್ನು ತಂದು ಬೆಳೆಸುವ ಬದಲು ಇಪ್ಪತ್ತೆರಡರ ಪಳಗಿದವನನ್ನು ತರಲು ಬಹಳ ಕೋಚ್‌ಗಳು ಇಷ್ಟಪಡುತ್ತಾರೆ. 2021ರ ಜುಲೈನಿಂದ ಆಟಗಾರರು ತಮ್ಮ ಹೆಸರಿನಿಂದ ಹಣ ಮಾಡಬಹುದು, 2025ರ ಜುಲೈನಿಂದ ಕಾಲೇಜುಗಳೇ ನೇರವಾಗಿ ಕೊಡಬಹುದು. ಆಟದಿಂದ ದುಡ್ಡು ಮಾಡುವವರು ಅಷ್ಟೊಂದು ಜನ ಇರುವಾಗ ಆಡುವ ಹುಡುಗನಿಗೂ ಪಾಲು ಸಿಗುವುದು ನ್ಯಾಯವೇ. ಆದರೆ ಹದಿನೇಳರವನ ತಲೆಯ ಮೇಲೆ ಅದರ ಭಾರವೂ ಇದೆ ಎಂದು ನೆನಪಿರಲಿ.

ಆಟ ಮುಗಿದ ಮೇಲೆ ಅವನನ್ನು ಮಾತಾಡಿಸಬಹುದಾ? ಫೋಟೊ?

'ಚೆನ್ನಾಗಿ ಆಡಿದೆ ಕಣಪ್ಪ' ಅನ್ನುವಂಥ ಒಂದು ಮಾತು ಹೇಳಿ ಕೈ ಕುಲುಕಿದರೆ ಏನೂ ತಪ್ಪಿಲ್ಲ. ಮಕ್ಕಳು ಹಸ್ತಾಕ್ಷರ ಕೇಳಿದರೆ ಬಹಳ ಹುಡುಗರು ಖುಷಿಯಿಂದ ಹಾಕಿಕೊಡುತ್ತಾರೆ. ನ್ಯೂ ಆಲ್ಬನಿಯ ರೋಮಿಯೊ ಲ್ಯಾಂಗ್‌ಫರ್ಡ್ ಸೀನಿಯರ್ (12ನೇ ತರಗತಿ) ಆಗಿದ್ದ 2017-18ರಲ್ಲಿ ಆಟ ಮುಗಿದ ಮೇಲೆ ಹಸ್ತಾಕ್ಷರಕ್ಕೆ ಉದ್ದನೆಯ ಸಾಲು ನಿಲ್ಲುತ್ತಿತ್ತು, ಆ ಹುಡುಗ ತಾಳ್ಮೆಯಿಂದ ಹಾಕುತ್ತಿದ್ದ.

ಸೋತ ರಾತ್ರಿ ಮಾತ್ರ ಬಿಟ್ಟುಬಿಡಿ, ಮನೆಗೆ ಹೋಗಲಿ.

'ನಮ್ಮ ಕಾಲೇಜಿಗೇ ಬಾ' ಎಂದು ಒತ್ತಾಯಿಸಬೇಡಿ. ನೀವು ಆ ಕಾಲೇಜಿಗೆ ದೇಣಿಗೆ ಕೊಡುವವರಾಗಿದ್ದರೆ ಅದು ನಿಯಮದ ಪ್ರಕಾರವೂ ತೊಡಕಿನ ಮಾತು. ಅವನಿಗೆ ನೇರವಾಗಿ ಸಂದೇಶ ಕಳಿಸುವುದು, ಬೇರೆ ಕಾಲೇಜು ಆರಿಸಿಕೊಂಡಾಗ ಬೈದು ಬರೆಯುವುದು, ಇವನ್ನಂತೂ ಯಾರೂ ಮಾಡಬಾರದು. ಒಂದು ರಾತ್ರಿ ನನ್ನ ಹಿಂದಿನ ಸಾಲಿನಲ್ಲಿ ಕೂತಿದ್ದ ನಡುವಯಸ್ಸಿನವರೊಬ್ಬರು ಎರಡು ಗಂಟೆ ಕಾಲ ಹುಡುಗನೊಬ್ಬನನ್ನು ಹೀಯಾಳಿಸಿದರು. ಅವನ ತಾಯಿ ನಾಲ್ಕೇ ಸಾಲು ಕೆಳಗೆ ಕೂತಿದ್ದರು. ತಿರುಗಿ ನೋಡಲಿಲ್ಲ, ಕೈಯಲ್ಲಿದ್ದ ಕಾರ್ಯಕ್ರಮದ ಹಾಳೆಯನ್ನು ಮಡಚಿ ಮಡಚಿ ಬೆರಳಷ್ಟು ಸಣ್ಣದು ಮಾಡಿದ್ದರು. ಆವತ್ತು ನಾನು ತಿರುಗಿ ಒಂದು ಮಾತು ಹೇಳಬೇಕಿತ್ತು, ಹೇಳಲಿಲ್ಲ. ಈಗ ಹೇಳುತ್ತೇನೆ.

ಫೋಟೊ ತೆಗೆಯಿರಿ, ಫ್ಲಾಷ್ ಬೇಡ.

ಊರಿಂದ ಅಪ್ಪ-ಅಮ್ಮ ಬಂದಿದ್ದಾರೆ. ಅವರನ್ನು ಕರೆದುಕೊಂಡು ಹೋಗಬಹುದಾ?

ಖಂಡಿತ. ಚಳಿಗಾಲದಲ್ಲಿ ಬಂದು ಮನೆಯೊಳಗೇ ಕೂತು ಬೇಸತ್ತ ಹಿರಿಯರಿಗೆ ಇದಕ್ಕಿಂತ ಒಳ್ಳೆಯ ಸಂಜೆ ಇಲ್ಲ. ಮೆಟ್ಟಿಲುಗಳಿಗೆ ಒರಗು ಇರುವುದಿಲ್ಲ, ಮಡಚುವ ಸೀಟು ಅಥವಾ ದಪ್ಪ ಶಾಲು ಒಯ್ಯಿರಿ. ಮಂಡಿ ನೋವಿದ್ದರೆ ಕೆಳಗಿನ ಸಾಲಿನಲ್ಲಿ ಕೂರಿಸಿ, ಆಟದ ಹರವು ಕಾಣದಿದ್ದರೂ ಚಿಂತೆಯಿಲ್ಲ. ರಾಷ್ಟ್ರಗೀತೆಗೆ ಎಲ್ಲರೂ ಎದ್ದು ನಿಲ್ಲುತ್ತಾರೆ ಎಂದು ಮೊದಲೇ ಹೇಳಿರಿ. ಸಸ್ಯಾಹಾರಿಗಳಿಗೆ ಪಾಪ್‌ಕಾರ್ನ್, ಪ್ರೆಟ್ಜೆಲ್ ಸಿಗುತ್ತದೆ. ಆ ಅಂಗಡಿಯಲ್ಲಿ ನಿಂತು ಮಾರುವವರು ಹೆಚ್ಚಾಗಿ ಆಟಗಾರರ ತಂದೆ-ತಾಯಂದಿರೇ. ಬ್ಯಾಂಡ್ ಸದ್ದು ಜೋರು, ಕೈಮಗುವಿಗೆ ಕಿವಿ ಮುಚ್ಚುವ ವ್ಯವಸ್ಥೆ ಮಾಡಿಕೊಳ್ಳಿ.

ನಮ್ಮ ಮಾವನವರು ಹಳ್ಳಿಯಲ್ಲಿ ಕಬಡ್ಡಿ ಆಡಿದವರು. ಬ್ಯಾಸ್ಕೆಟ್‌ಬಾಲ್ ನಿಯಮ ಒಂದೂ ಗೊತ್ತಿರಲಿಲ್ಲ. ಮೊದಲರ್ಧ ಮುಗಿಯುವಷ್ಟರಲ್ಲಿ, "ಆ ನಾಲ್ಕನೇ ನಂಬರಿನ ಹುಡುಗ ಬಲಗಾಲು ಊರಿದಾಗಲೆಲ್ಲ ಎಡಕ್ಕೇ ಹೋಗ್ತಾನೆ, ಯಾಕೆ ಹಿಡೀತಿಲ್ಲ ಇವರು?" ಎಂದರು. ಮೂರನೇ ಕ್ವಾರ್ಟರ್‌ನಲ್ಲಿ ಎದುರು ತಂಡದ ಕೋಚ್ ತನ್ನ ಹುಡುಗನನ್ನು ಎಡಕ್ಕೆ ಸರಿಸಿ ನಿಲ್ಲಿಸಿದರು.

ಈ ರಾಜ್ಯದವರಿಗೆ ಹೈಸ್ಕೂಲ್ ಆಟದ ಮೇಲೆ ಇಷ್ಟೊಂದು ಪ್ರೀತಿ ಯಾಕೆ?

1954ರಲ್ಲಿ ಮೈಲನ್ ಎಂಬ ಸಣ್ಣ ಊರಿನ, 161 ವಿದ್ಯಾರ್ಥಿಗಳ ಶಾಲೆ, ಮನ್ಸಿ ಸೆಂಟ್ರಲ್ ಎಂಬ ದೊಡ್ಡ ಶಾಲೆಯನ್ನು ರಾಜ್ಯ ಫೈನಲ್‌ನಲ್ಲಿ 32-30ರಿಂದ ಸೋಲಿಸಿತು. ಕೊನೆಯ ಕ್ವಾರ್ಟರ್‌ನಲ್ಲಿ ಬಾಬಿ ಪ್ಲಂಪ್ ಎಂಬ ಹುಡುಗ ನಾಲ್ಕು ನಿಮಿಷಕ್ಕೂ ಹೆಚ್ಚು ಹೊತ್ತು ಚೆಂಡನ್ನು ಹಿಡಿದು ಸುಮ್ಮನೆ ನಿಂತ. ಶಾಟ್ ಕ್ಲಾಕ್ ಇರಲಿಲ್ಲವಲ್ಲ. ಕಡೆಯ ಕ್ಷಣಗಳಲ್ಲಿ ಗೆಲುವಿನ ಬುಟ್ಟಿಯನ್ನೂ ಅವನೇ ಹಾಕಿದ. ಆಗ ಚಿಕ್ಕ ಶಾಲೆ, ದೊಡ್ಡ ಶಾಲೆ ಎಲ್ಲಕ್ಕೂ ಒಂದೇ ಟೂರ್ನಿ. 1997-98ರಿಂದ ಶಾಲೆಯ ಗಾತ್ರಕ್ಕೆ ತಕ್ಕಂತೆ ನಾಲ್ಕು ವರ್ಗ ಮಾಡಿದರು, ಹಳಬರು ಅದನ್ನು ಇನ್ನೂ ಒಪ್ಪಿಲ್ಲ.

ಮರುವರ್ಷ, 1955ರಲ್ಲಿ, ಮುಂದೆ ಎನ್‌ಬಿಎಯಲ್ಲಿ ದೊಡ್ಡ ಹೆಸರಾದ ಆಸ್ಕರ್ ರಾಬರ್ಟ್‌ಸನ್ ಇದ್ದ ಕ್ರಿಸ್ಪಸ್ ಅಟಕ್ಸ್ ಶಾಲೆ ಗೆದ್ದಿತು. ಕಪ್ಪು ಜನಾಂಗದ ಮಕ್ಕಳಿಗೆಂದೇ ಪ್ರತ್ಯೇಕಿಸಿ ಕಟ್ಟಿದ್ದ ಶಾಲೆ ಅದು. 1956ರಲ್ಲಿ ಒಂದೂ ಆಟ ಸೋಲದೆ ಮತ್ತೆ ಗೆದ್ದಿತು. ನನ್ನನ್ನು ಕೇಳಿದರೆ ಮೈಲನ್ ಕತೆಗಿಂತ ದೊಡ್ಡ ಕತೆ ಇದು. ಹೇಳುವವರು ಮಾತ್ರ ಕಡಿಮೆ.

ಮೇಲೆ ಹೇಳಿದ ಡೇಮನ್ ಬೇಲಿಯ 1990ರ ಫೈನಲ್‌ಗೆ ಇಂಡಿಯಾನಾಪೊಲಿಸ್‌ನ ಹೂಸಿಯರ್ ಡೋಮ್ ಕ್ರೀಡಾಂಗಣದಲ್ಲಿ ಸೇರಿದವರು 41,046 ಜನ. ಹೈಸ್ಕೂಲ್ ಆಟಕ್ಕೆ! ಕೊನೆಯಲ್ಲಿ ತಂಡದ 11 ಪಾಯಿಂಟ್‌ಗಳನ್ನು ಒಬ್ಬರೇ ಹೊಡೆದು ಗೆಲ್ಲಿಸಿದರು. ನ್ಯೂ ಕ್ಯಾಸಲ್ ಊರಿನ ಹೈಸ್ಕೂಲ್ ಜಿಮ್‌ನಲ್ಲಿ 8,000ಕ್ಕೂ ಹೆಚ್ಚು ಜನ ಕೂರಬಹುದು. ಆಟವಿಲ್ಲದ ದಿನವೂ ಒಮ್ಮೆ ಹೋಗಿ ನೋಡಿ, ರಾಜ್ಯದ ಬ್ಯಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್ ಕೂಡ ಅಲ್ಲೇ ಇದೆ.

ಹುಡುಗಿಯರ ಆಟಕ್ಕೂ ಇದೇ ಅನ್ವಯಿಸುತ್ತದಾ?

ಅಕ್ಷರಶಃ. ಚೆಂಡು ಸ್ವಲ್ಪ ಚಿಕ್ಕದು, ಸುತ್ತಳತೆ 28.5 ಇಂಚು. ಟಿಕೆಟ್ ಸುಲಭವಾಗಿ ಸಿಗುತ್ತದೆ, ಜಾಗವೂ ಸಿಗುತ್ತದೆ. ಕೇಟ್ಲಿನ್ ಕ್ಲಾರ್ಕ್ ಅಯೋವಾದ ಡೌಲಿಂಗ್ ಕ್ಯಾಥಲಿಕ್ ಹೈಸ್ಕೂಲ್‌ಗೆ ಆಡುತ್ತಿದ್ದಾಗ ಅವರನ್ನು ಶಾಲೆಯ ಮೆಟ್ಟಿಲ ಮೇಲೆ ಕೂತು ನೋಡಿದವರು ಎಂಥ ಅದೃಷ್ಟವಂತರು! ಇಂದು ವೃತ್ತಿಪರ ಲೀಗಿನ ಇಂಡಿಯಾನಾ ಫೀವರ್ ತಂಡಕ್ಕೆ ಆಡುವ ಅವರನ್ನು ನೋಡಲು ಇಂಡಿಯಾನಾಪೊಲಿಸ್‌ನ ದೊಡ್ಡ ಕ್ರೀಡಾಂಗಣ ತುಂಬುತ್ತದೆ.

ನಮ್ಮ ಮಕ್ಕಳಿಗೆ ಈ ದಾರಿ ಇದೆಯಾ?

ಇದೆ, ಕಡಿದಾದ ದಾರಿ. ಪಂಜಾಬಿನ ಸತ್ನಾಮ್ ಸಿಂಗ್ ಭಮರಾ ಫ್ಲಾರಿಡಾದ ಐಎಂಜಿ ಅಕಾಡೆಮಿಯಲ್ಲಿ ಕಲಿತು, 2015ರ ಎನ್‌ಬಿಎ ಡ್ರಾಫ್ಟ್‌ನಲ್ಲಿ ಡಲ್ಲಾಸ್ ತಂಡಕ್ಕೆ 52ನೆಯವರಾಗಿ ಆಯ್ಕೆಯಾದರು. ನಮ್ಮ ಬೆಂಗಳೂರಿನ ಸಂಜನಾ ರಮೇಶ್ ಸ್ಕಾಲರ್‌ಶಿಪ್ ಪಡೆದು ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯಕ್ಕೆ ಹೋದರು. ಇಲ್ಲಿ ಹುಟ್ಟಿ ಬೆಳೆದ ಕನ್ನಡದ ಮಕ್ಕಳು ವಾರ್ಸಿಟಿ ಬೆಂಚಿನಲ್ಲಿ ಕೂತದ್ದನ್ನು ನೋಡಿದಾಗ ಎದೆ ತುಂಬುತ್ತದೆ. ನಿಮ್ಮ ಮಗ ಅಥವಾ ಮಗಳು ಆಡುತ್ತಿದ್ದರೆ ಪಕ್ಕದಲ್ಲಿ ಕೂರಿಸಿಕೊಂಡು ತನ್ನದೇ ಜಾಗದಲ್ಲಿ ಆಡುವ ಒಬ್ಬನನ್ನು ತೋರಿಸಿ, ಅವನು ಚೆಂಡಿಲ್ಲದಾಗ ಎಲ್ಲೆಲ್ಲಿ ಓಡಿದ ಎಂದು ಕಾರಿನಲ್ಲಿ ಬರುವಾಗ ಕೇಳಿ.

ಮಾರ್ಚ್‌ಗೆ ಸೀಸನ್ ಮುಗಿಯುತ್ತದೆ. ಬೇಸಿಗೆಯಲ್ಲಿ ಅವನನ್ನು ನೋಡಲಾಗುವುದಿಲ್ಲವಾ?

ಆಗುತ್ತದೆ. ಬೇಸಿಗೆಯಲ್ಲಿ ಅವನು ಶಾಲೆಗಲ್ಲ, ಷೂ ಕಂಪನಿಗಳು ಬೆನ್ನಿಗೆ ನಿಂತ ಕ್ಲಬ್ ತಂಡಗಳಿಗೆ ಆಡುತ್ತಾನೆ. ನೈಕಿಯವರದು ಒಂದು ಸರಣಿ, ಅಡಿಡಾಸ್‌ದು ಒಂದು, ಅಂಡರ್ ಆರ್ಮರ್‌ದು ಇನ್ನೊಂದು. ನೈಕಿಯವರ ಪೀಚ್ ಜ್ಯಾಮ್ ಜುಲೈನಲ್ಲಿ ಸೌತ್ ಕ್ಯಾರೊಲೈನಾದ ನಾರ್ತ್ ಆಗಸ್ಟಾದಲ್ಲಿ ನಡೆಯುತ್ತದೆ, ದೇಶದ ಹೆಸರಾಂತ ಕೋಚ್‌ಗಳೆಲ್ಲ ಅಲ್ಲಿ ಕೂತಿರುತ್ತಾರೆ. ಇಂಥ ಕಡೆ ಪಕ್ಕಪಕ್ಕದ ಅಂಕಣಗಳಲ್ಲಿ ಒಂದೇ ಹೊತ್ತಿಗೆ ಹಲವು ಆಟ. ಪ್ರವೇಶ ದರವೂ ಶಾಲೆಯ ಆಟಕ್ಕಿಂತ ಹೆಚ್ಚು. ತನ್ನ ಮಟ್ಟದವರ ಎದುರು ಅವನು ಹೇಗೆ ನಿಲ್ಲುತ್ತಾನೆ ಅನ್ನುವುದು ಇಲ್ಲಿ ಚೆನ್ನಾಗಿ ತಿಳಿಯುತ್ತದೆ. ಆದರೆ ಬ್ಯಾಂಡ್ ಇಲ್ಲ, ಊರಿನವರಿಲ್ಲ, ಐದನೇ ತರಗತಿಯಿಂದ ಜೊತೆಗೆ ಆಡಿದ ಗೆಳೆಯರಿಲ್ಲ.

ಸೀಸನ್ ಇರುವಾಗಲೇ ಒಂದು ಆಟ ಮಾತ್ರ ನೋಡಲು ಸಾಧ್ಯ ಅನ್ನುವವರಿಗೆ ನಾನು ಹೇಳುವುದು ಸೀನಿಯರ್ ನೈಟ್. ಫೆಬ್ರವರಿ ಕೊನೆಗೆ, ತವರಿನ ಜಿಮ್‌ನಲ್ಲಿ ಕೊನೆಯ ಆಟದ ರಾತ್ರಿ, 12ನೇ ತರಗತಿಯ ಹುಡುಗರ ಹೆಸರು ಒಂದೊಂದಾಗಿ ಕೂಗುತ್ತಾರೆ. ಅಪ್ಪ-ಅಮ್ಮನ ತೋಳು ಹಿಡಿದು ಅಂಗಳದ ನಡುವಿಗೆ ಬರುತ್ತಾರೆ, ಅಮ್ಮನ ಕೈಯಲ್ಲಿ ಹೂವು. ಹತ್ತು ಕಾಲೇಜುಗಳಿಂದ ಆಫರ್ ಬಂದ ಹುಡುಗನೂ, ಇನ್ನು ಮುಂದೆ ಎಲ್ಲೂ ಆಡದ ಹುಡುಗನೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಆಟಕ್ಕೆ ಒಂದು ಗಂಟೆ ಮುಂಚೆ ಹೋಗಿ, ಪಾರ್ಕಿಂಗ್ ಬೇಗ ತುಂಬುತ್ತದೆ.